ಮಂಡಿ ರೆಡಿ, ಮನಸ್ಸು ಇನ್ನೂ ಇಲ್ಲ

ಎಲ್ಲರಿಗೂ ನಮಸ್ಕಾರ.

"ಇನ್ನು ಆಡಬಹುದು" ಅಂತ ಡಾಕ್ಟರು ಹೇಳಿದ ದಿನ ಗಾಯಗೊಂಡಿದ್ದ ಆಟಗಾರ ಕುಣಿದಾಡಬೇಕು, ಅಲ್ವಾ? ಎಷ್ಟೋ ಜನಕ್ಕೆ ಸಂಕಟ ಶುರುವಾಗುವುದೇ ಅವತ್ತು. ನಾನು ಮಾತಾಡಲು ಬಂದಿರುವುದು ಆ ಸಂಕಟದ ಬಗ್ಗೆ.

ಮಂಡಿಯ ಎಸಿಎಲ್ ಲಿಗಮೆಂಟ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದವರನ್ನೇ ತೆಗೆದುಕೊಳ್ಳಿ. ಆಪರೇಷನ್ ಆದವರ ಮೇಲಿನ ಹಲವು ಅಧ್ಯಯನಗಳನ್ನು ಸಂಶೋಧಕಿ ಕ್ಲೇರ್ ಆರ್ಡರ್ನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ನೂರಕ್ಕೆ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು. ಮೊದಲಿನ ಮಟ್ಟಕ್ಕೆ ಮರಳಿದವರು 65. ಸ್ಪರ್ಧೆಗೆ ಇಳಿದವರು 55 ಮಾತ್ರ. ಎಲ್ಲದಕ್ಕೂ ಮನಸ್ಸೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಮಂಡಿ ಚೆನ್ನಾಗಿದ್ದರೂ ಆಟ ಬಿಟ್ಟವರನ್ನು ಕೇಳಿದರೆ "ಮತ್ತೆ ಪೆಟ್ಟಾದರೆ?" ಅನ್ನುವ ಭಯದ ಮಾತು ಪದೇ ಪದೇ ಬರುತ್ತದೆ.

ಈ ಭಯ ಕಣ್ಣಿಗೆ ಕಾಣುತ್ತದೆ. ಬಲ ಮಂಡಿಗೆ ಆಪರೇಷನ್ ಆದ ಹುಡುಗಿಯೊಬ್ಬಳು ಹಾರಿ ಇಳಿಯುವುದನ್ನು ಗಮನಿಸಿ. ನೆಲ ಮುಟ್ಟುವ ಮುಂಚೆ ಅವಳ ಕಣ್ಣು ಚೆಂಡು ಬಿಟ್ಟು ಮಂಡಿಯ ಕಡೆ ಹೋಗುತ್ತದೆ. ಭಾರವೆಲ್ಲ ಎಡಗಾಲಿನ ಮೇಲೆ. ಕೇಳಿದರೆ "ಇಲ್ವಲ್ಲ ಸರ್, ಎರಡೂ ಕಾಲಲ್ಲೇ ಇಳಿದೆ" ಅನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ, ಪಾಪ. ಅವಳಿಗೆ ಗೊತ್ತೇ ಆಗಿರುವುದಿಲ್ಲ.

ಇದರಲ್ಲೊಂದು ಇಕ್ಕಟ್ಟಿದೆ. ಒತ್ತಡದಲ್ಲಿ ಸ್ನಾಯುಗಳು ಬಿಗಿಯುತ್ತವೆ, ಗಮನ ಕಿರಿದಾಗುತ್ತದೆ, ಪಕ್ಕದಿಂದ ನುಗ್ಗಿ ಬರುವ ಎದುರಾಳಿ ತಡವಾಗಿ ಕಾಣುತ್ತಾನೆ. ಕ್ರೀಡಾ ಮನಶ್ಶಾಸ್ತ್ರಜ್ಞರಾದ ಆಂಡರ್ಸನ್ ಮತ್ತು ವಿಲಿಯಮ್ಸ್ 1988ರಲ್ಲೇ ಇದನ್ನು ವಿವರಿಸಿದ್ದರು. ಪೆಟ್ಟಿನ ಭಯವೇ ಪೆಟ್ಟಿಗೆ ದಾರಿ ಮಾಡಿಕೊಡಬಹುದು. "ಭಯ ಬಿಡು, ಧೈರ್ಯವಾಗಿ ಆಡು" ಅಂತ ಬೆನ್ನು ತಟ್ಟಿದರೆ ಹೋಗುವ ಭಯವಲ್ಲ ಇದು.

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಅಂತ ಐದು ಹಂತಗಳ ಮಾತು ಕೇಳಿರುತ್ತೀರಿ. ಮನೋವೈದ್ಯೆ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದವರ ಬಗ್ಗೆ. ಗಾಯಾಳು ಆಟಗಾರರು ಹಾಗೆ ಸಾಲಾಗಿ ಮೆಟ್ಟಿಲು ಹತ್ತುವುದಿಲ್ಲ. ಬೆಳಿಗ್ಗೆ ಹುರುಪು, ಸಂಜೆ ಯಾರ ಜೊತೆಗೂ ಮಾತು ಬೇಡ, ಮರುದಿನ ಸುಮ್ನೆ ಅಳು.

ಜಾಸ್ತಿ ಕಾಡುವುದು ಒಂಟಿತನ. ಮೊದಲ ವಾರ ತಂಡದ ವಾಟ್ಸಾಪ್ ಗುಂಪಿನಲ್ಲಿ "ಬೇಗ ಹುಷಾರಾಗು" ಅಂತ ಸಂದೇಶಗಳ ಸುರಿಮಳೆ. ಮೂರನೇ ತಿಂಗಳು ಅದೇ ಗುಂಪಿನಲ್ಲಿ "ನಾಳೆ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್" ಅಂತಷ್ಟೇ ಬರುತ್ತದೆ. ಅದು ಗಾಯಾಳುವಿಗಲ್ಲ. ಹತ್ತು ವರ್ಷದಿಂದ "ನಾನು ಓಟಗಾರ" ಅಂತಲೇ ಬದುಕಿದವನಿಗೆ, ಓಟ ನಿಂತರೆ ಉಳಿಯುವುದೇನು? ಆಟವೇ ಗುರುತಾಗಿದ್ದಷ್ಟೂ ಏಟು ಆಳಕ್ಕೆ ಇಳಿಯುತ್ತದೆ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಓಟಗಾರ ಡೆರೆಕ್ ರೆಡ್ಮಂಡ್ ತೊಡೆಯ ಸ್ನಾಯು ಹರಿದು, ಅಪ್ಪನ ಹೆಗಲು ಹಿಡಿದು ಕುಂಟುತ್ತಾ ಗೆರೆ ದಾಟಿದ್ದು ಎಲ್ಲರಿಗೂ ನೆನಪು. ನನಗೂ ಕಣ್ಣು ಒದ್ದೆಯಾಗುತ್ತದೆ. ಆದರೆ ಅದಾದ ಮೇಲಿನ ತಿಂಗಳುಗಳಿಗೆ ಯಾರೂ ಕ್ಯಾಮೆರಾ ಹಿಡಿಯುವುದಿಲ್ಲ.

ಹಾಗಾದರೆ ಏನು ಮಾಡೋದು? ಅವಸರ ಬೇಡ. ಎಸಿಎಲ್ ಆಪರೇಷನ್ ಆದವರು ಒಂಬತ್ತು ತಿಂಗಳು ಕಾದರೆ ಮತ್ತೆ ಗಾಯವಾಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ ಅಂತ 2016ರ ಒಂದು ಅಧ್ಯಯನ ತೋರಿಸಿದೆ. ಭಯ ಹುಟ್ಟಿಸುವ ಚಲನೆಯನ್ನು ತುಂಡು ಮಾಡಿ. ಮೊದಲು ನಿಂತಲ್ಲೇ ಸಣ್ಣ ಜಿಗಿತ, ಆಮೇಲೆ ಓಡುತ್ತಾ ತಿರುಗುವುದು, ಎದುರಾಳಿ ಬರುವುದು ಕೊನೆಗೆ. ಗಾಯಾಳುವಿಗೆ ತಂಡದಲ್ಲಿ ಒಂದು ಕೆಲಸ ಕೊಡಿ, ಎದುರು ತಂಡದ ಆಟ ನೋಡಿ ಬರೆದುಕೊಳ್ಳುವುದಾದರೂ ಸರಿ.

ಇಲ್ಲಿರುವ ಕೋಚ್‌ಗಳಿಗೆ ಇನ್ನೊಂದು ಮಾತು. "ನೋವಿದೆಯಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ, ಯಾಕೆಂದರೆ ತಂಡದಲ್ಲಿ ಜಾಗ ಬೇಕಲ್ಲ. "ಯಾವ ಕಡೆ ತಿರುಗೋಕೆ ಹಿಂಜರಿಕೆ?" ಅಂತ ಕೇಳಿ ನೋಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೈ ತೋರಿಸುತ್ತಾರೆ.