ಗುಳಿಗೆಗೆ ಜೊತೆಯಾದ ರಂಗಭೂಮಿ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಎಚ್‌ಐವಿ ಸೋಂಕಿರುವ ಮಹಿಳೆಯರಿಗೆಂದೇ ಒಂದು ಚಿಕಿತ್ಸಾಲಯವನ್ನು ನಡೆಸುತ್ತಿದೆ. ಅಲ್ಲಿಗೆ ಬರುವವರಲ್ಲಿ ಬಡ ಕಪ್ಪು ಮಹಿಳೆಯರು ಅನೇಕರು. ಸೋಂಕನ್ನು ಹತೋಟಿಯಲ್ಲಿಡುವ ಔಷಧಗಳು ಬಂದ ಮೇಲೂ ಅವರಲ್ಲಿ ಸಾವು ನಿಲ್ಲಲಿಲ್ಲ. ವೈದ್ಯ ಎಡ್ವರ್ಡ್ ಮ್ಯಾಕ್ಟಿಂಗರ್ ಮತ್ತು ಅವರ ಸಹೋದ್ಯೋಗಿಗಳು ಕಾರಣ ಹುಡುಕಹೊರಟಾಗ, ಬಹುಪಾಲು ಸಾವುಗಳ ಹಿಂದೆ ವೈರಾಣುವಿಗಿಂತ ಹೆಚ್ಚಾಗಿ ಹಿಂಸೆ, ಮಾದಕ ವ್ಯಸನ, ಖಿನ್ನತೆಗಳೇ ಇರುವುದು ಕಂಡುಬಂತು. ಸೋಂಕಿನ ಸುದ್ದಿಯನ್ನು ಒಡಹುಟ್ಟಿದವರಿಗೂ ತಿಳಿಸದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡವರಿಗೆ ಗುಳಿಗೆಯೊಂದೇ ಏನು ಮಾಡೀತು?

ಈ ಪ್ರಶ್ನೆಗೆ ನೆರವಾದವರು ರೊಡೆಸಾ ಜೋನ್ಸ್ ಎಂಬ ಕಪ್ಪು ರಂಗಕರ್ಮಿ. 1980ರ ದಶಕದ ಕೊನೆಯಲ್ಲಿ ಅದೇ ನಗರದ ಜೈಲಿಗೆ ಏರೋಬಿಕ್ಸ್ ಕಲಿಸಲು ಹೋದ ಅವರು, ಅಲ್ಲಿನ ಹೆಂಗಸರಿಗೆ ಕಸರತ್ತಿಗಿಂತ ಮಾತು ಬೇಕಾಗಿದೆ ಎಂದು ಅರಿತು, 1989ರಲ್ಲಿ ‘ಮೆಡಿಯಾ ಪ್ರಾಜೆಕ್ಟ್’ ಎಂಬ ರಂಗತಂಡವನ್ನು ಕಟ್ಟಿದರು. ಗ್ರೀಕ್ ಪುರಾಣದಲ್ಲಿ ಹೆತ್ತ ಮಕ್ಕಳನ್ನೇ ಕೊಂದ ತಾಯಿಯ ಹೆಸರದು. ತಂಡಕ್ಕೆ ಅಂಥ ಹೆಸರಿಡಲು ಎದೆಗಾರಿಕೆ ಬೇಕು. ಮುಂದೆ ಈ ತಂಡವೂ ಚಿಕಿತ್ಸಾಲಯವೂ ಕೈಜೋಡಿಸಿದವು. ಮಹಿಳೆಯರು ತಮ್ಮ ಬದುಕನ್ನು ಮೊದಲು ಬರೆಯುತ್ತಾರೆ, ಬರೆದದ್ದನ್ನು ಜೊತೆಯವರ ಮುಂದೆ ಓದುತ್ತಾರೆ, ಅದಕ್ಕೆ ಪುರಾಣ, ಹಾಡು, ಕುಣಿತಗಳನ್ನು ಹೆಣೆದು ಕೊನೆಗೆ ಟಿಕೆಟು ಕೊಂಡು ಬಂದ ಪ್ರೇಕ್ಷಕರ ಎದುರು ಆಡುತ್ತಾರೆ. ಈ ಏರುಕ್ರಮದಲ್ಲೇ ಇದರ ಬಲವಿದೆ ಎಂದು ನನಗೆ ತೋರುತ್ತದೆ. ಏಕೆಂದರೆ ನಾಚಿಕೆಯು ಒಮ್ಮೆಲೇ ಬಿಡುವಂಥದ್ದಲ್ಲ, ತನ್ನಂತೆಯೇ ನೊಂದವಳೊಬ್ಬಳು ತಲೆದೂಗಿದಾಗ ಅದು ಒಂದಿಷ್ಟು ಸಡಿಲುತ್ತದೆ.

ಇದರಲ್ಲಿ ಪಾಲ್ಗೊಂಡ ಎಂಟು ಮಹಿಳೆಯರನ್ನು ಮಾತನಾಡಿಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅಕ್ಕತಂಗಿಯರಂಥ ಬಾಂಧವ್ಯ, ಮನಸ್ಸಿನ ಭಾರ ಇಳಿದದ್ದು, ತಮ್ಮನ್ನು ತಾವು ಒಪ್ಪಿಕೊಂಡದ್ದು, ಸಂಬಂಧಗಳು ಹೆಚ್ಚು ಸುರಕ್ಷಿತವಾದದ್ದು, ದನಿ ದೊರೆತದ್ದು: ಇವು ಅವರ ಮಾತುಗಳಲ್ಲಿ ಕಂಡ ಬದಲಾವಣೆಗಳು. ಎಂಟೇ ಮಂದಿಯ ಅನುಭವವಿದು, ಎಲ್ಲರಿಗೂ ಅನ್ವಯಿಸುವ ಸಾಕ್ಷ್ಯವೆಂದು ಬೀಗುವಂತಿಲ್ಲ. ಸೋಂಕನ್ನು ಬಹಿರಂಗಪಡಿಸಿದ ಹೆಂಗಸು ಹೊಡೆಯುವ ಗಂಡನಿರುವ ಮನೆಗೇ ಮರಳಬೇಕಾದರೆ ಅಪಾಯವೂ ಉಂಟು. ಆದ್ದರಿಂದ ರಂಗಮಂದಿರದ ಪಕ್ಕದಲ್ಲಿ ಸಮಾಜ ಕಾರ್ಯಕರ್ತರೂ ವೈದ್ಯರೂ ಇರಲೇಬೇಕು. ಮ್ಯಾಕ್ಟಿಂಗರ್ ಅವರೂ ಮುಂದೆ, ರೋಗಿಯ ಹಳೆಯ ಆಘಾತಗಳನ್ನು ಅರಿತು ನಡೆಸುವ ಪ್ರಾಥಮಿಕ ಚಿಕಿತ್ಸೆಯ ಪರವಾಗಿ ವಾದಿಸತೊಡಗಿದರು. ವಂದನೆಗಳು.