50 ಮೀಟರ್ ಈಜುವುದಕ್ಕೆ ಇಡೀ ಬೆಳಗ್ಗೆ ಕಾದೆ

ವಿಡಿಯೋದಲ್ಲಿ ಕಾಣುತ್ತಿರುವ ಈ ಕೈ ನನ್ನದೇ. ಮಾರ್ಕರ್ ಪೆನ್ನಲ್ಲಿ ಬರೆದಿರುವುದು ಫೋನ್ ನಂಬರ್ ಅಲ್ಲ. ಇ 9, ಎಚ್ 1, ಎಲ್ 7. ಈಜು ಸ್ಪರ್ಧೆಗೆ ಬಂದಿದ್ದೇನೆ: ಒಂಬತ್ತನೇ ಈವೆಂಟ್ (50 ಮೀಟರ್ ಫ್ರೀಸ್ಟೈಲ್), ಮೊದಲ ಹೀಟ್ ಅಂದರೆ ಆ ರೇಸಿಗೆ ಇಳಿಯುವ ಮೊದಲ ಗುಂಪು, ಏಳನೇ ಲೇನ್. ಈಜುಡುಗೆಗೆ ಜೇಬು ಇರುವುದಿಲ್ಲವಲ್ಲ, ಚೀಟಿ ಎಲ್ಲಿಡೋದು?

ಮೊದಲ ಹೀಟ್ ಅಂದ ತಕ್ಷಣ ಮನೆಯವರು ಖುಷಿಪಟ್ಟರು. ಪಾಪ, ಅವರಿಗೆ ನಾನೇನೂ ಬಿಡಿಸಿ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಮೊದಲ ಹೀಟ್ ಅಂದರೆ ಎಲ್ಲರಿಗಿಂತ ನಿಧಾನದವರ ಹೀಟ್. ಹೆಸರು ಕೊಡುವಾಗ ಹಿಂದಿನ ಟೈಮಿಂಗ್ ಬರೆಯಬೇಕು. ನನ್ನ ಹತ್ತಿರ ಎಲ್ಲಿದೆ? ‘ಎನ್‌ಟಿ’ ಅಂತ ಬರೆದೆ, ನೋ ಟೈಮ್. ಎಂಟು ಲೇನ್ ಇದ್ದರೆ ಹೀಟಿನಲ್ಲಿ ಜೋರಾಗಿ ಈಜುವವರಿಗೆ ನಡುವಿನ 4, 5. ನಮ್ಮಂಥವರು ಅಂಚಿಗೆ.

ಇನ್ನೊಂದು ವಿಷಯ. ಮಾಸ್ಟರ್ಸ್ ಈಜಿನಲ್ಲಿ, ಅಂದರೆ ದೊಡ್ಡವರ ಸ್ಪರ್ಧೆಯಲ್ಲಿ, ಐದೈದು ವರ್ಷಕ್ಕೊಂದು ಗುಂಪು. 25ರಿಂದ 29, 30ರಿಂದ 34, ಹೀಗೆ ಮೇಲಕ್ಕೆ. ಆದರೆ ವಯಸ್ಸು ಲೆಕ್ಕ ಹಾಕುವುದು ಇವತ್ತಿಗಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ. ನಾನು ಹುಟ್ಟಿದ್ದು ಡಿಸೆಂಬರ್ ಕೊನೆಯಲ್ಲಿ. ಸುಮ್ನೆ ಕೂತಿದ್ದವರನ್ನು ತಿಂಗಳುಗಟ್ಟಲೆ ಮೊದಲೇ ನಲವತ್ತಕ್ಕೆ ತಳ್ಳಿಬಿಟ್ಟರು.

ಇದು ವಾರ್ಮ್‌ಅಪ್. ಒಂದೇ ಲೇನಿನಲ್ಲಿ ಇಷ್ಟೊಂದು ಜನ, ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಹಿಂದಿನವರು ಪಾದ ಮುಟ್ಟಿದರೆ ಜಗಳಕ್ಕೆ ಬಂದರು ಅಂತಲ್ಲ, ಗೋಡೆ ಹತ್ತಿರ ನಿಂತು ದಾರಿ ಬಿಡಿ ಅಂತ. ನನ್ನ ಪಾದ ಎಲ್ಲರೂ ಮುಟ್ಟಿದರು. ದೇವಸ್ಥಾನದ ಹೊಸ್ತಿಲಿಗೂ ಅಷ್ಟು ಜನ ಕೈ ಹಚ್ಚಿರಲಿಕ್ಕಿಲ್ಲ.

ಈಗ ಬರುತ್ತಿದೆ ನೋಡಿ ನನ್ನ ತಲೆ ಕೆಡಿಸಿದ ಭಾಗ. ಎಂಟನೇ ಈವೆಂಟ್, 800 ಮೀಟರ್ ಫ್ರೀಸ್ಟೈಲ್. ಕೊಳದ ಉದ್ದ 25 ಮೀಟರ್. ಅಂದರೆ 32 ಸಲ ಆ ಗೋಡೆಯಿಂದ ಈ ಗೋಡೆಗೆ. ಒಬ್ಬರಲ್ಲ ಇಬ್ಬರಲ್ಲ, ಲೇನಿಗೊಬ್ಬರು. ಅದೂ ಒಂದು ಹೀಟ್ ಅಲ್ಲ. ನಿಧಾನಕ್ಕೆ ಈಜುವವರು ಒಬ್ಬರಿದ್ದರೂ ಸಾಕು, ಅವರು ಮುಗಿಸುವ ತನಕ ಎಲ್ಲರೂ ಕಾಯಬೇಕು. ನಾನು ವಾರ್ಮ್‌ಅಪ್ ಮಾಡಿ ಬಿಸಿಯಾಗಿದ್ದ ವ್ಯಕ್ತಿ, ಒದ್ದೆ ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತು ತಣ್ಣಗಾದೆ. ಟವೆಲ್ ಒದ್ದೆ. ಬೆಂಚೂ ಒದ್ದೆ. ಎದ್ದು ಹೋಗೋಣ ಅಂದರೆ ಯಾವಾಗ ಹೆಸರು ಕರೆಯುತ್ತಾರೋ ಗೊತ್ತಿಲ್ಲ, ತಪ್ಪಿಸಿಕೊಂಡರೆ ರೇಸೇ ಇಲ್ಲ. ಒಂದು ನಿಮಿಷದ ಕೆಲಸಕ್ಕೆ ಇದೆಂಥ ಶಿಕ್ಷೆ? ದೂರದ ರೇಸುಗಳನ್ನು ಬೇರೆ ದಿನ ಇಟ್ಟುಕೊಳ್ಳಲಿ. ನಾನಂತೂ ಹೀಗೇ ಗೊಣಗುತ್ತಿದ್ದೆ, ಆಡಿಯೋದಲ್ಲಿ ಇದೆ, ಕತ್ತರಿಸಿದ್ದೇನೆ.

ಆಗ ಪಕ್ಕದಲ್ಲಿದ್ದ ಹಿರಿಯರು ಒಬ್ಬರು, ‘ಸುಮ್ನೆ ಕೂತಿದ್ದೀರಲ್ಲ, ಬನ್ನಿ, ಬೋರ್ಡ್ ಹಿಡಿಯಿರಿ’ ಅಂದರು. ಆಚೆ ದಡದಲ್ಲಿ ಮಂಡಿಯೂರಿ ನಂಬರ್ ಬೋರ್ಡನ್ನು ನೀರಿಗೆ ಇಳಿಸಿ ಹಿಡಿಯುವ ಕೆಲಸ. ಈಜುವವರಿಗೆ ಇನ್ನೆಷ್ಟು ಲೆಂತ್ (ಗೋಡೆಯಿಂದ ಗೋಡೆಗೆ ಒಂದು ಸಲ) ಉಳಿದಿದೆ ಅಂತ ಕಾಣಬೇಕು. 31, 29, 27. ಆ ದಡಕ್ಕೆ ಬರುವಾಗ ಯಾವಾಗಲೂ ಬೆಸ ಸಂಖ್ಯೆಯೇ, ಗಮನಿಸಿದ್ದೀರಾ? ನಾನು ಗಮನಿಸಿರಲಿಲ್ಲ. ಅವರು ಬರುತ್ತಾರೆ, ಮಗುಚಿಕೊಂಡು ಗೋಡೆಗೆ ಒದೆಯುತ್ತಾರೆ, ನೀರು ನನ್ನ ಮುಖಕ್ಕೆ. ಮೊದಲಿಗರಿಗೆ ಎರಡು ಲೆಂತ್ ಮತ್ತು 5 ಮೀಟರ್ ಉಳಿದಾಗ ಗಂಟೆ ಬಾರಿಸಿದರು. ನನ್ನ ಲೇನಿನ ಅಮ್ಮನಿಗೆ ಆಗಿನ್ನೂ 9 ಬಾಕಿ. ಅವಸರವೇ ಇಲ್ಲ. ಮೊದಲ ಲೆಂತ್ ಹೇಗೋ ಕೊನೆಯದೂ ಹಾಗೇ, ಅದೇ ಕೈಬೀಸು. ನಾನು ‘ಬನ್ನಿ ಅಮ್ಮಾ ಬನ್ನಿ’ ಅಂತ ಕೂಗುತ್ತಿದ್ದೇನೆ, ನೀರಿನೊಳಗಿರುವವರಿಗೆ ಅದೇನು ಕೇಳಿಸುತ್ತದೆ! ಸರಿ, 800 ಮೀಟರ್ ಇರಲಿ. ಇದೇ ದಿನವೇ ಇರಲಿ. ಆದರೆ ಒಣ ಬೆಂಚು ಬೇಕು, ಅದನ್ನು ಬಿಡುವುದಿಲ್ಲ.

ಅಯ್ಯೋ, ನನ್ನ ಹೆಸರು ಕರೆದರು.

ಪುಟ್ಟ ಪುಟ್ಟ ಸೀಟಿಗಳು ಅಂದರೆ ತಯಾರಾಗಿ ಅಂತ. ಉದ್ದ ಸೀಟಿ ಬಿತ್ತು ಅಂದರೆ ಬ್ಲಾಕ್, ಅಂದರೆ ನೀರಿಗೆ ಹಾರುವ ಕಟ್ಟೆ, ಹತ್ತಬೇಕು. ಬ್ಲಾಕ್ ನೀರಿನಿಂದ ಅರ್ಧ ಮೀಟರಿನಿಂದ ಮುಕ್ಕಾಲು ಮೀಟರ್ ಎತ್ತರ, ಅಷ್ಟೇ. ಮೇಲೆ ನಿಂತರೆ ಮಾತ್ರ ಮಾಳಿಗೆಯ ಅಂಚಿನಲ್ಲಿ ನಿಂತಂಗಿರುತ್ತದಂತೆ. ನಾನು ಹತ್ತಲಿಲ್ಲ. ಮಾಸ್ಟರ್ಸ್‌ನಲ್ಲಿ ನೀರೊಳಗಿಂದಲೇ, ಗೋಡೆ ಹಿಡಿದು ಶುರು ಮಾಡಬಹುದು, ನಿಯಮವೇ ಹಾಗಿದೆ. ಹಾರುವುದೆಲ್ಲ ಶೋಕಿ ಅಂತ ನನ್ನ ಅಭಿಪ್ರಾಯ. ಪಕ್ಕದ ಲೇನಿನವರು ಹಾರಿ ನಾನು ಉಸಿರು ಎಳೆಯುವಷ್ಟರಲ್ಲಿ ಎಷ್ಟು ಮುಂದೆ ಹೋದರು, ನೋಡಿ. ಶೋಕಿ ಅಲ್ಲ. ಕಲಿಯಬೇಕು.

‘ಟೇಕ್ ಯುವರ್ ಮಾರ್ಕ್ಸ್’ ಆದ ಮೇಲೆ ಒಂದು ಕ್ಷಣ ಯಾರೂ ಅಲುಗಾಡುವಂತಿಲ್ಲ. ಸಿಗ್ನಲ್ಲಿಗೆ ಮೊದಲೇ ಹೊರಟರೆ ಆಟ ಮುಗಿಯಿತು, ಇನ್ನೊಂದು ಅವಕಾಶ ಅಂತಿಲ್ಲ. ಬೀಪ್.

ಮೊದಲ 25 ಮೀಟರ್ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಈಜಿದ್ದೇನೆ. ತಳದ ಕಪ್ಪು ಗೆರೆ ಗೋಡೆಗೆ 2 ಮೀಟರ್ ಇರುವಾಗಲೇ ನಿಂತು ಅಡ್ಡಗೆರೆಯಾಗುತ್ತದೆ. ಅದು ಕಂಡಾಗ ಎಷ್ಟು ಸಮಾಧಾನವಾಯಿತು ಅಂದರೆ ಹೇಳಲಾರೆ. ಮಗುಚುವ ಟರ್ನ್ ನನಗೆ ಬರುವುದಿಲ್ಲ, ಫ್ರೀಸ್ಟೈಲಿಗೆ ಕೈಯಲ್ಲಿ ಗೋಡೆ ಮುಟ್ಟಿದರೂ ನಡೆಯುತ್ತದೆ. ವಾಪಸ್ ಬರುವಾಗ ಕೈಗಳು ನನ್ನವಲ್ಲ. ತೀರಾ ಆಗದಿದ್ದರೆ ತಳಕ್ಕೆ ಕಾಲೂರಿ ನಿಲ್ಲಬಹುದು, ಫ್ರೀಸ್ಟೈಲಿನಲ್ಲಿ ಅದಕ್ಕೆ ಹೊರಗೆ ಹಾಕುವುದಿಲ್ಲ. ನಡೆಯುವ ಹಾಗಿಲ್ಲ, ಹಗ್ಗ ಹಿಡಿದು ಎಳೆಯುವ ಹಾಗಿಲ್ಲ. ಎರಡೂ ಮಾಡುವ ಆಸೆಯಿತ್ತು, ಮಾಡಲಿಲ್ಲ.

ಮುಟ್ಟಿದೆ. ಒಂದು ನಿಮಿಷದ ಮೇಲೆ ಸ್ವಲ್ಪ ಜಾಸ್ತಿ. ಸ್ಟಾಪ್‌ವಾಚ್ ಹಿಡಿದ ಹುಡುಗಿ ಬಗ್ಗಿ ತೋರಿಸಿದಳು, ಕನ್ನಡಕದೊಳಗೆಲ್ಲ ಮಂಜು, ಅಂಕಿ ಓದಲಾಗದೆ ‘ಚೆನ್ನಾಗಿದೆಯಾ?’ ಅಂತ ಅವಳನ್ನೇ ಕೇಳಿದೆ. ‘ಟೈಮ್ ಬಂದಿದೆ ಸಾಕಲ್ವಾ’ ಅಂದಳು.

ಹೌದು, ಬಂದಿದೆ. ಮುಂದಿನ ಸಲ 50 ಮೀಟರಿಗೆ ಎನ್‌ಟಿ ಬರೆಯುವ ಹಾಗಿಲ್ಲ. 100 ಮೀಟರಿಗೆ ಹೆಸರು ಕೊಡೋಣ ಅಂತಿದ್ದೇನೆ. 800 ಕೇಳಬೇಡಿ. ಕ್ಯಾಮೆರಾ ಹಿಡಿದವರಿಗೆ ಕೈ ನೋವಂತೆ, ಶಾಟ್ ಇಷ್ಟೇ ಇರುವುದು.