ಹೈ-ಸ್ಪೀಡ್ ಟ್ರೇಸ್ ಎಳೆಯುವ ಮುಂಚೆ ಅದರ ಕೆಳಗೆ ಏನಿದೆ ನೋಡಿ

[ಸ್ಕ್ರೀನ್: ನಾಲ್ಕು ಲೇಯರ್ ಬೋರ್ಡ್. ಮೇಲೆ ಒಂದು ಡಿಫರೆನ್ಷಿಯಲ್ ಪೇರ್, ಕೆಳಗೆ ಗ್ರೌಂಡ್ ಪ್ಲೇನ್.]

ನಮಸ್ಕಾರ. ಸರ್ಕ್ಯೂಟ್ ಬೋರ್ಡ್ ಮೇಲೆ ಯುಎಸ್‌ಬಿ, ಈಥರ್ನೆಟ್ ಲೈನ್ ಎಳೆಯುವಾಗ ನಮ್ಮ ಹೆಚ್ಚಿನ ಸಮಯ ಹೋಗುವುದು ಡಿಫರೆನ್ಷಿಯಲ್ ಪೇರ್‌ನ, ಅಂದ್ರೆ ಒಂದೇ ಸಿಗ್ನಲ್ ಅನ್ನು ಒಂದಕ್ಕೊಂದು ವಿರುದ್ಧವಾಗಿ ಒಯ್ಯುವ ಎರಡು ಟ್ರೇಸ್‌ಗಳ (ತಾಮ್ರದ ಗೆರೆಗಳ) ಉದ್ದ ಸರಿಮಾಡುವುದರಲ್ಲಿ. ಅದು ಬೇಕು, ನಿಜ. ಆದರೆ ಎಷ್ಟು ಬೇಕು? ಲೆಕ್ಕ ಹಾಕೋಣ.

ಎಫ್‌ಆರ್-4, ಅಂದ್ರೆ ಮಾಮೂಲಿ ಗ್ಲಾಸ್-ಎಪಾಕ್ಸಿ ಬೋರ್ಡ್‌ನಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡ್‌ಗೆ ಸುಮಾರು 15 ಸೆಂಟಿಮೀಟರ್ ಹೋಗುತ್ತದೆ. ಅಂದ್ರೆ 1 ಮಿಲಿಮೀಟರ್ ದಾಟಲು 7 ಪಿಕೋಸೆಕೆಂಡ್‌ನಷ್ಟು ಸಮಯ. ಯುಎಸ್‌ಬಿ 2.0 ವೇಗ 480 ಎಂಬಿಪಿಎಸ್. ಅಲ್ಲಿ ಒಂದು ಬಿಟ್ 2000 ಪಿಕೋಸೆಕೆಂಡ್‌ಗಿಂತ ಜಾಸ್ತಿ ಹೊತ್ತು ಇರುತ್ತದೆ. 1 ಮಿಲಿಮೀಟರ್ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕೇ ಇಲ್ಲ. 5 ಜಿಬಿಪಿಎಸ್‌ಗೆ ಬಂದರೆ ಬಿಟ್ ಬರೀ 200 ಪಿಕೋಸೆಕೆಂಡ್. ಆಗ ಅದೇ 1 ಮಿಲಿಮೀಟರ್ ಶೇ 3ರಷ್ಟು ತಿನ್ನುತ್ತದೆ. ಅಲ್ಲಿ ಎಚ್ಚರ ಬೇಕು.

[ಸ್ಕ್ರೀನ್: ಗ್ರೌಂಡ್ ಪ್ಲೇನ್ ಮಾತ್ರ. ಟ್ರೇಸ್‌ನ ನೇರ ಕೆಳಗೆ ಕೆಂಪು ಗೆರೆ.]

ಈಗ ಮುಖ್ಯ ವಿಷಯ. ಟ್ರೇಸ್‌ನಲ್ಲಿ ಹೋದ ಕರೆಂಟ್ ವಾಪಸ್ ಬರಲೇಬೇಕು, ಅಲ್ವಾ? ಅದು ಬರುವುದು ಗ್ರೌಂಡ್ ಪ್ಲೇನ್‌ನಲ್ಲಿ, ಅಂದ್ರೆ ಕೆಳಗಿನ ಲೇಯರ್‌ನಲ್ಲಿ ಹಾಸಿದ ತಾಮ್ರದಲ್ಲಿ. ಡಿಸಿ ಆದರೆ ಪ್ಲೇನ್ ತುಂಬಾ ಹರಡಿಕೊಂಡು ಬರುತ್ತದೆ. ಫ್ರೀಕ್ವೆನ್ಸಿ ಮೆಗಾಹರ್ಟ್ಸ್‌ಗಳಿಗೆ ಏರಿತು ಅಂದ್ರೆ ಅದು ಟ್ರೇಸ್‌ನ ನೇರ ಕೆಳಗೇ ಸಾಗುತ್ತದೆ. ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದಕ್ಕೆ ಬರುವ ತಡೆ) ಕಮ್ಮಿ ಇರುವ ದಾರಿ ಅದೇ.

ಆ ದಾರಿಯಲ್ಲಿ ಪ್ಲೇನ್ ಸೀಳಿದ್ದರೆ? ಕರೆಂಟ್ ಆ ಸೀಳನ್ನು ಸುತ್ತಿ ಬರಬೇಕು. ಲೂಪ್ ದೊಡ್ಡದಾಗುತ್ತದೆ, ಇಂಪೀಡೆನ್ಸ್ (ಸಿಗ್ನಲ್‌ಗೆ ಲೈನ್ ತೋರಿಸುವ ತಡೆ) ಏರುತ್ತದೆ, ಬೋರ್ಡ್‌ನಿಂದ ನಾಯ್ಸ್ ಹೊರಗೆ ಸೂಸುತ್ತದೆ. ಅದೇ ಸೀಳನ್ನು ದಾಟುವ ಪಕ್ಕದ ಸಿಗ್ನಲ್‌ಗೂ ಅದು ತಗಲುತ್ತದೆ. ಡಿಫರೆನ್ಷಿಯಲ್ ಪೇರ್‌ಗೆ ಗ್ರೌಂಡ್ ಬೇಡ, ಒಂದಕ್ಕೊಂದು ವಾಪಸ್ ದಾರಿ ಆಗುತ್ತವೆ ಅನ್ನುವ ಮಾತು ಕೇಳಿರುತ್ತೀರಿ. ಆದರೆ ಮಾಮೂಲಿ ಬೋರ್ಡ್‌ಗಳಲ್ಲಿ ಪ್ರತಿ ಟ್ರೇಸ್‌ಗೂ ಪಕ್ಕದ ಟ್ರೇಸ್‌ಗಿಂತ ಕೆಳಗಿನ ಪ್ಲೇನ್ ಜೊತೆಗೇ ಕಪ್ಲಿಂಗ್ (ವಿದ್ಯುತ್ ನಂಟು) ಜಾಸ್ತಿ. ಹಾಗಾಗಿ ಪೇರ್ ಆದರೂ ಸೀಳಿನ ಮೇಲೆ ಹಾಯಿಸಬೇಡಿ. ಸುತ್ತು ಹಾಕಿ ಹೋಗಿ, ಟ್ರೇಸ್ ಒಂದಿಷ್ಟು ಉದ್ದವಾದರೂ ಪರವಾಗಿಲ್ಲ.

ಲೇಯರ್ ಬದಲಾಯಿಸುವಾಗಲೂ ಇದೇ ಕಥೆ. ಸಿಗ್ನಲ್ ವಯಾದಲ್ಲಿ, ಅಂದ್ರೆ ಲೇಯರ್‌ಗಳನ್ನು ಜೋಡಿಸುವ ತಾಮ್ರ ಲೇಪಿಸಿದ ತೂತಿನಲ್ಲಿ, ಇಳಿದು ಬೇರೆ ಗ್ರೌಂಡ್ ಪ್ಲೇನ್ ಪಕ್ಕಕ್ಕೆ ಹೋಯಿತು. ವಾಪಸ್ ಕರೆಂಟ್ ಹೇಗೆ ಇಳಿಯಬೇಕು? ಸಿಗ್ನಲ್ ವಯಾ ಪಕ್ಕದಲ್ಲೇ ಗ್ರೌಂಡ್ ವಯಾ ಕೊಡಿ. ಇದು ಬಿಟ್ಟುಹೋದ ಬೋರ್ಡ್‌ಗಳೇ ಜಾಸ್ತಿ ಕಣ್ಣಿಗೆ ಬೀಳುತ್ತವೆ.

[ಸ್ಕ್ರೀನ್: ಟ್ರೇಸ್‌ನ ಅಗಲ, ಪ್ಲೇನ್‌ಗೆ ಇರುವ ಅಂತರ.]

ಇಂಪೀಡೆನ್ಸ್‌ಗೆ ಬರೋಣ. ಯುಎಸ್‌ಬಿ ಪೇರ್‌ಗೆ 90 ಓಮ್, ಈಥರ್ನೆಟ್‌ಗೆ 100 ಓಮ್. ಇದನ್ನು ತೀರ್ಮಾನಿಸುವುದು ಟ್ರೇಸ್‌ನ ಅಗಲ, ಪೇರ್‌ನ ನಡುವಿನ ಜಾಗ, ಪ್ಲೇನ್ ಎಷ್ಟು ಹತ್ತಿರ ಇದೆ ಅನ್ನುವುದು ಮತ್ತು ನಡುವಿನ ಮೆಟೀರಿಯಲ್. ಇಲ್ಲೂ ಪ್ಲೇನ್ ಬಂತು ನೋಡಿ. 50 ಓಮ್ ಲೈನ್ ಮಧ್ಯೆ 75 ಆದರೆ ವೋಲ್ಟೇಜ್‌ನ ಶೇ 20 ಅಲ್ಲಿಂದಲೇ ಹಿಂದಕ್ಕೆ ಬಡಿದು ಬರುತ್ತದೆ. ಅದಕ್ಕೇ ಲೇಔಟ್ ಶುರುಮಾಡುವ ಮುಂಚೆ ಬೋರ್ಡ್ ತಯಾರಿಸುವವರಿಂದ ಸ್ಟ್ಯಾಕ್-ಅಪ್ (ಯಾವ ಲೇಯರ್ ಎಷ್ಟು ದಪ್ಪ, ಯಾವ ಮೆಟೀರಿಯಲ್ ಅನ್ನುವ ವಿವರ) ತರಿಸಿಕೊಳ್ಳಿ. ನೆಟ್‌ನಲ್ಲಿ ಸಿಕ್ಕ ಅಗಲದ ಅಂಕಿ ನಿಮ್ಮ ಬೋರ್ಡ್‌ಗೆ ಹೊಂದುತ್ತದೆ ಅಂತ ನಂಬಬೇಡಿ.

ಟ್ರೇಸ್‌ನ 90 ಡಿಗ್ರಿ ತಿರುವಿನ ಭಯ ಈ ವೇಗಗಳಲ್ಲಿ ಬೇಕಾಗಿಲ್ಲ. 45 ಹಾಕಿದರೆ ಖರ್ಚಿಲ್ಲ, ಹಾಕಿ, ಅಷ್ಟೇ.

[ಸ್ಕ್ರೀನ್: ಲೇಔಟ್ ಸಾಫ್ಟ್‌ವೇರ್. ಲೇಯರ್‌ಗಳು ಒಂದೊಂದಾಗಿ ಆಫ್ ಆಗುತ್ತವೆ.]

ಫೈಲ್ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಸಿಗ್ನಲ್ ಲೇಯರ್ ಮತ್ತು ಅದರ ಪಕ್ಕದ ಪ್ಲೇನ್ ಬಿಟ್ಟು ಎಲ್ಲ ಆಫ್ ಮಾಡಿ. ಚಿಪ್‌ನ ಪಿನ್‌ನಿಂದ ಕನೆಕ್ಟರ್‌ವರೆಗೆ ಪೇರ್ ಹಿಡಿದು ನಿಧಾನಕ್ಕೆ ಬನ್ನಿ. ಸಾಲಾಗಿ ಹಾಕಿದ ವಯಾಗಳ ಸುತ್ತಲಿನ ಖಾಲಿ ಜಾಗ ಸೇರಿಕೊಂಡು ಪ್ಲೇನ್‌ನಲ್ಲಿ ಉದ್ದ ಸೀಳು ಆಗಿರಬಹುದು, ಅದನ್ನು ಹುಡುಕಿ. ಸಾಫ್ಟ್‌ವೇರ್‌ನ ಡಿಸೈನ್ ರೂಲ್ ಚೆಕ್ ಇದನ್ನು ಸಾಮಾನ್ಯವಾಗಿ ತಪ್ಪು ಅನ್ನುವುದಿಲ್ಲ. ಆ ವಯಾಗಳನ್ನು ಸ್ವಲ್ಪ ದೂರ ದೂರ ಸರಿಸಿ, ನಡುವೆ ತಾಮ್ರ ಹಾಯುವಷ್ಟು ಜಾಗ ಬಿಡಿ.